ಲಿಖಿತಾ ಅಟ್ಟ ಹತ್ತುವುದಿಲ್ಲ

ರಾಗಿರೊಟ್ಟಿ ಅರ್ಧ ತಟ್ಟಿದ್ದಾಗ ಫೋನು ಬಡಿದುಕೊಂಡಿತು. ಮಂಗಳಾಳ ಎರಡೂ ಕೈಯಲ್ಲಿ ಹಿಟ್ಟು.

"ಲಿಖಿತಾ, ವಸಿ ಕಿವೀಗಿಡೇ."

ಹತ್ತು ವರ್ಷದ ಮಗಳು ತುದಿಗಾಲಲ್ಲಿ ನಿಂತು ಫೋನನ್ನು ಅಮ್ಮನ ಕಿವಿಗೆ ಹಿಡಿದಳು. ತಿಪಟೂರಿನ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಹೇಳಿದ್ದು ಇಬ್ಬರಿಗೂ ಕೇಳಿಸಿತು. ಮೊನ್ನೆಯ ಸ್ಕ್ಯಾನಿನಲ್ಲಿ ಏನೂ ತೀರ್ಮಾನವಾಗಲಿಲ್ಲವಂತೆ, ಡಾಕ್ಟರು ಇನ್ನೊಂದು ಸಲ ನೋಡಬೇಕಂತೆ, ಇವತ್ತೇ ಹನ್ನೊಂದು ಗಂಟೆಗೆ ಬರಬೇಕಂತೆ. ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಒಂದು ಮಗ್ಗುಲು ಸೀದುಹೋಯಿತು.

ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಸ್ನಾನ ಮಾಡುವಾಗ ಕೈಗೆ ಸಿಕ್ಕಿ ಹದಿನೈದು ದಿನವಾಗಿತ್ತು. ನೋವಿದ್ದಿದ್ದರೆ ಮಂಗಳಾ ಇಷ್ಟು ಹೆದರುತ್ತಿರಲಿಲ್ಲ. ನೋಯದ ಗಂಟನ್ನು ಕಡೆಗಣಿಸಬೇಡಿ ಎಂದು ಸಂಘದ ಮೀಟಿಂಗಿನಲ್ಲಿ ಆಶಾ ಕಾರ್ಯಕರ್ತೆ ಹೇಳಿದ್ದು ಅವಳಿಗೆ ನೆನಪಿತ್ತು. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ಆದರೆ ಈ ಹದಿನೈದು ದಿನವೂ ಲಿಖಿತಾ ಏನೋ ಕೇಳಲು ಬಾಯಿ ತೆರೆಯುವುದು, ಕೇಳದೆ ಒಂದು ಲೋಟ ನೀರು ಕುಡಿದು ಹೋಗಿಬಿಡುವುದು ನಡೆದೇ ಇತ್ತು.

ಅಂಗಳದಿಂದ ಅತ್ತೆ ಭೈರಮ್ಮ ಕೂಗಿದಳು. "ಹೋಗಕ್ ಮುಂಚೆ ಅಟ್ಟದಿಂದ ನಾಕು ಕಾಯಿ ಇಳಿಸ್ಕೊಡ್ರೇ. ಕೊಬ್ರಿ ಆಗೈತಾ ನೋಡಾನ."

"ನಾನು ಹತ್ತಲ್ಲ ಅಜ್ಜಿ" ಎಂದಳು ಲಿಖಿತಾ.

"ಶ್ರಾವಣಕ್ ಮುಂಚೆ ಕೋತಿ ಹತ್ತಿದಂಗೆ ಹತ್ತೋಳು, ಈಗೇನ್ ನಿಂಗೂ ಸೊಂಟ ಹಿಡ್ಕೊಂತಾ?"

ಮಂಗಳಾ ತಾನೇ ಏಣಿ ಹತ್ತಿ ನಾಲ್ಕು ಕಾಯಿ ತಂದುಕೊಟ್ಟಳು. ಭೈರಮ್ಮ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಲೊಡಕ್ ಎಂದಿತು. "ಕೊಬ್ರಿ ಕರಟ ಬುಟ್ಟೈತೆ" ಎಂದು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಒಡೆಯದೆಯೇ ಒಳಗಿನದು ತಿಳಿಯುವುದು ಎಷ್ಟು ಸಲೀಸು ಎಂದುಕೊಳ್ಳುತ್ತ ಮಂಗಳಾ ಸೀರೆ ಬದಲಿಸಲು ಹೋದಳು.

ದಸರಾ ರಜ. ಬೇಡವೆಂದರೂ ಕೇಳದೆ ಲಿಖಿತಾ ಹಿಂದೆ ಬಂದಳು. ಶೆಟ್ಟಿಕೆರೆಯಿಂದ ತಿಪಟೂರಿನವರೆಗೂ ಬಸ್ಸಿನಲ್ಲಿ ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದಳು.

ಡಾಕ್ಟರ್ ನಾಹಿದಾ ಮಗುವನ್ನು ಹೊರಗೆ ಕಳಿಸಲಿಲ್ಲ, ಸ್ಕ್ಯಾನ್ ಮೆಷೀನಿನ ಪರದೆಯ ಪಕ್ಕ ಒಂದು ಸ್ಟೂಲು ಕೊಟ್ಟರು. ಮಂಗಳಾಳ ಎದೆಗೆ ತಣ್ಣನೆಯ ಜೆಲ್ ಸವರಿ, ಸ್ಕ್ಯಾನಿನ ಹಿಡಿಯನ್ನು ಮೆಲ್ಲಗೆ ಒತ್ತುತ್ತ ಬಹಳ ಹೊತ್ತು ಪರದೆಯನ್ನೇ ನೋಡಿದರು. ಬೂದುಬಣ್ಣದ ನಡುವೆ ಒಂದು ಕಪ್ಪು ಮಚ್ಚೆ. ಅದರ ಅಂಚು ಇಲಿ ಕಡಿದ ಬಟ್ಟೆಯ ಹಾಗೆ ಹರಿದಿತ್ತು.

"ಎದೆಗೆ ಪೆಟ್ಟೇನಾದ್ರೂ ಬಿದ್ದಿತ್ತಾ ಮಂಗಳಾ? ಮೊನ್ನೇನೂ ಕೇಳಿದ್ದೆ."

"ಇಲ್ಲ ಮೇಡಂ."

"ತೋಟದಲ್ಲಿ ದುಡಿಯೋರಿಗೆ ಪೆಟ್ಟು ಪೆಟ್ಟು ಅಂತಾನೇ ಅನ್ಸಲ್ಲ ಕಣ್ರೀ. ನಿಧಾನಕ್ಕೆ ಯೋಚ್ನೆ ಮಾಡಿ." ಡಾಕ್ಟರು ಮಚ್ಚೆಯತ್ತ ಬೆರಳು ತೋರಿಸಿದರು. "ಅಂಚು ಸರಿಯಿಲ್ಲ, ಕೆಳಗೆ ನೆರಳು ಬೀಳ್ತಿದೆ. ಕ್ಯಾನ್ಸರ್ ಗಂಟೂ ಹೀಗೇ ಕಾಣುತ್ತೆ. ಪೆಟ್ಟು ಬಿದ್ದು ಒಳಗಿನ ಕೊಬ್ಬು ಸತ್ತು ಗಟ್ಟಿಯಾಗಿದ್ರೂ ಹೀಗೇ ಕಾಣುತ್ತೆ. ಅದಾದ್ರೆ ಭಯ ಇಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡೋದು ಹೇಗೂ ತಪ್ಪಲ್ಲ. ಆದ್ರೆ ಪೆಟ್ಟು ಬಿದ್ದಿತ್ತು ಅಂತಾದ್ರೆ ನಂಗೂ ಸ್ವಲ್ಪ ಧೈರ್ಯ ಬರುತ್ತೆ."

ಮಂಗಳಾ ಕಣ್ಣು ಮುಚ್ಚಿ ಹುಡುಕಿದಳು. ಹಸು ಒದ್ದದ್ದು ತೊಡೆಗೆ. ಕುಡುಗೋಲು ತಾಗಿದ್ದು ಹೆಬ್ಬೆರಳಿಗೆ. ಎದೆಗೆ ಯಾವುದೂ ಇಲ್ಲ. ಬೇಕೆಂದು ಹುಡುಕಿದರೂ ಒಂದು ಪೆಟ್ಟು ಸಿಗಲಿಲ್ಲ.

"ಇಲ್ಲ ಮೇಡಂ. ಯಾವ್ದೂ ಇಲ್ಲ."

ಸ್ಟೂಲು ಸರಿದ ಸದ್ದಾಯಿತು. ಲಿಖಿತಾ ಮಂಚದ ಪಕ್ಕ ಬಂದು ನಿಂತಿದ್ದಳು.

"ಅಮ್ಮ, ಅಜ್ಜಿಗೆ ಹೇಳ್ತೀಯಾ?"

"ಏನನ್ನೇ?"

"ಯಾರ್ಗೂ ಹೇಳ್ಬೇಡ, ಅಜ್ಜಿ ಬೈತಾಳೆ ಅಂತ ನೀನೇ ಅಂದಿದ್ದೆ. ನಾನು ಹೇಳಿಲ್ಲ."

ಆಗ ಮಂಗಳಾಳಿಗೆ ಆ ಮಧ್ಯಾಹ್ನ ನೆನಪಾಯಿತು. ಶ್ರಾವಣದಲ್ಲಿ ಅತ್ತೆ ನೊಣವಿನಕೆರೆಗೆ ಹೋಗಿದ್ದ ದಿನ. ಮಗುವನ್ನು ಅಟ್ಟ ಹತ್ತಿಸಿ ತಾನು ಕೆಳಗೆ ಚೀಲ ಹಿಡಿದು ನಿಂತದ್ದು, ಒಂದು ಕಾಯಿ ಚೀಲ ತಪ್ಪಿ ಎದೆಗೆ ಬಡಿದದ್ದು, ಕೂತು ಉಸಿರು ಎಳೆದುಕೊಂಡು, ಮೇಲಿನಿಂದ ನೋಡುತ್ತಿದ್ದ ಮುಖಕ್ಕೆ ನಕ್ಕು ತೋರಿಸಿದ್ದು. ಅರಿಶಿನ ಹಚ್ಚಿದ್ದಳು. ನಾಲ್ಕು ದಿನ ನೀಲಿಗಟ್ಟಿತ್ತು. ಆಮೇಲೆ ಅವಳು ಮರೆತಿದ್ದಳು. ಮಗಳು ಮರೆತಿರಲಿಲ್ಲ.

ಡಾಕ್ಟರ ಕೈ ನಿಂತಿತ್ತು. ಮಂಗಳಾ ಮಲಗಿದ್ದಲ್ಲಿಂದಲೇ ಕೈಯನ್ನು ಮಗಳ ಕಡೆಗೆ ಚಾಚಿದಳು. "ಕೇಳು ಮಗಾ" ಎಂದಳು. "ಎಷ್ಟು ದಿನದಿಂದ ಕೇಳ್ಬೇಕು ಅಂತಿದ್ದೀಯೋ, ಕೇಳ್ಬುಡು."

ಲಿಖಿತಾ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನಾನು ಎಸೆದ ಕಾಯಿಯಿಂದಾನೇ ನಿಂಗೆ ಈ ಗಂಟು ಬಂತಾ ಅಮ್ಮ?"