ಕ್ಯಾಲಮ್ ಹಿಡಿದ ಮೈಕು

ಅಮೆರಿಕದ ಷಾರ್ಲೆಟ್‌ನ ಸ್ನೇಹ ಕನ್ನಡ ಬಳಗದ ಮೈಕು ಯಾರಪ್ಪನ ಸ್ವತ್ತೂ ಅಲ್ಲ, ನಿಜ. ಆದರೆ ಸಿದ್ಧಲಿಂಗೇಶನ ಮಟ್ಟಿಗೆ ಅದು ಅವನದೇ. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಜುಬ್ಬಾ ತೊಟ್ಟು ನಿರೂಪಣೆಗೆ ನಿಲ್ಲುತ್ತಿದ್ದವನು ಅವನು. ವಾರವಿಡೀ ಬ್ಯಾಂಕಿನ ಸಾಫ್ಟ್‌ವೇರ್ ತಿದ್ದುವವನನ್ನು ಜನ ತಲೆಯೆತ್ತಿ ನೋಡುತ್ತಿದ್ದದ್ದು ಅಲ್ಲೊಂದೇ ಕಡೆ.

ಆ ಜಾಗಕ್ಕೆ ಬಂದವನು ಕ್ಯಾಲಮ್. ಸ್ಕಾಟ್ಲೆಂಡಿನವನು, ಮೈಸೂರಿನ ಊರ್ಮಿಳಾಳ ಗಂಡ. ಗ್ಲಾಸ್ಗೋದಲ್ಲಿ ನಾಟಕವಾಡಿ, ಧಾರಾವಾಹಿಯೊಂದರಲ್ಲಿ ವರ್ಷಗಟ್ಟಲೆ ಪೊಲೀಸಿನವನಾಗಿ, ಆಮೇಲೆ ಟೀವಿಯಲ್ಲಿ ಅಡುಗೆ ಸ್ಪರ್ಧೆ ನಡೆಸಿಕೊಟ್ಟು ಹೆಸರು ಮಾಡಿದವನು. ಕೋವಿಡ್ ಬಂದು ಥಿಯೇಟರುಗಳಿಗೆ ಬೀಗ ಬಿತ್ತು, ಸ್ಪರ್ಧೆಯೂ ನಿಂತಿತು. ಹೆಂಡತಿಯ ಕೆಲಸದ ಹಿಂದೆ ಇಲ್ಲಿಗೆ ಬಂದವನು ಅತ್ತೆಯ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿಯೇ ಕನ್ನಡ ಕಲಿತ. ಬಳಗದ ಅಧ್ಯಕ್ಷೆ ಕಾತ್ಯಾಯಿನಿಗೆ ಅಷ್ಟು ಸಾಕಾಯಿತು.

“ಈ ಸಲ ರಾಜ್ಯೋತ್ಸವಕ್ಕೆ ಕ್ಯಾಲಮ್ ಆಂಕರಿಂಗ್ ಮಾಡ್ಲಿ. ನೀವು ಸ್ವಲ್ಪ ಗೈಡ್ ಮಾಡಿ, ಸಿದ್ಧಲಿಂಗೇಶ್.”

ಸಿದ್ಧಲಿಂಗೇಶನ ಹೊಟ್ಟೆ ಉರಿದುಹೋಯಿತು. ಕನ್ನಡಿಗ ನಿರರ್ಗಳವಾಗಿ ಮಾತಾಡಿದರೆ ಕೇಳುವವರಿಲ್ಲ, ಬಿಳಿಯ ತೊದಲಿದರೂ ಚಪ್ಪಾಳೆ!

“ಸರ್, ಊಟ ಬಂದ್ರೆ ಯಾವಾಗ ಹೇಳ್ಬೇಕು?” ರಿಹರ್ಸಲ್‌ನಲ್ಲಿ ಕ್ಯಾಲಮ್ ಕೇಳಿದ.

ಇದು ಬಳಗದಲ್ಲಿ ಒಮ್ಮೆ ಮೈಕು ಹಿಡಿದವರಿಗೆಲ್ಲ ಗೊತ್ತು. ಕೊನೆಯ ಐಟಂ ಮುಗಿಯುವವರೆಗೆ ಊಟದ ಸುದ್ದಿ ಎತ್ತಬಾರದು. ಎತ್ತಿದರೆ ಹಾಲ್ ಖಾಲಿ.

“ಬಂದ ತಕ್ಷಣ ಹೇಳ್ಬಿಡಿ. ಜನ ಖುಷಿ ಪಡ್ತಾರೆ,” ಎಂದ ಸಿದ್ಧಲಿಂಗೇಶ. ಕೊನೆಗಿದ್ದದ್ದು ಕಾತ್ಯಾಯಿನಿಯ ಭಾಷಣ. ಆಯಮ್ಮ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಲಿ, ಮುಂದಿನ ವರ್ಷ ಮೈಕು ತಾನಾಗಿ ವಾಪಸು ಬರುತ್ತದೆ ಎಂಬುದು ಅವನ ಲೆಕ್ಕಾಚಾರ.

ರಾಜ್ಯೋತ್ಸವದ ದಿನ ಕ್ಯಾಲಮ್ ಬಾಯಿ ತೆರೆದದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಮಕ್ಕಳು ಕೂಡ ಫೋನ್ ಬಿಟ್ಟು ಕೇಳಿದರು. ನೋಡಲಾಗದೆ ಸಿದ್ಧಲಿಂಗೇಶ ಪಾರ್ಕಿಂಗ್ ಲಾಟ್‌ಗೆ ಹೋಗಿ ಕಾರಿನಲ್ಲಿ ಕುಳಿತ.

ಇತ್ತ ಒಳಗೆ ಕಾರ್ಯಕ್ರಮ ಅದಲುಬದಲಾಗಿತ್ತು. ಕೋಲಾಟದ ತಂಡದ ಇಬ್ಬರು ದೂರದ ಏಪೆಕ್ಸ್ ಊರಿನಿಂದ ಬರುತ್ತ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಜೋಡಿ ಇಲ್ಲದೆ ಕೋಲಾಟವೆಲ್ಲಿ? ಹಾಗಾಗಿ ಭಾಷಣ ಮೊದಲು ಮುಗಿದು, ಕೋಲಾಟ ಕೊನೆಗೆ ಹೋಯಿತು. ತಂಡ ಕಟ್ಟಿದವಳು ಸಿದ್ಧಲಿಂಗೇಶನ ಹೆಂಡತಿ ಆರತಿ. ಬೇಸಿಗೆಯಿಂದಲೂ ಗ್ಯಾರೇಜಿನಲ್ಲಿ ಅಭ್ಯಾಸ ಮಾಡಿದ್ದಳು. ಸ್ಟೇಜ್ ಹತ್ತುತ್ತಿದ್ದದ್ದು ಅದೇ ಮೊದಲು.

ಸಿದ್ಧಲಿಂಗೇಶ ಕಾರಿನಿಂದಿಳಿದು ಹಾಲ್‌ನ ಬಾಗಿಲಿಗೆ ಬರುವುದಕ್ಕೂ ಕ್ಯಾಲಮ್ “ಬಿಸಿಬೇಳೆಬಾತ್ ಬಂದಿದೆ!” ಎಂದು ಸಾರುವುದಕ್ಕೂ ಸರಿಹೋಯಿತು. ಜನ ದಡದಡನೆ ಎದ್ದರು. ಪರದೆ ಸರಿದಾಗ ಆರತಿ ತಂಡದ ನಡುವೆ ಕೋಲೆತ್ತಿ ನಿಂತಿದ್ದಳು, ಎದುರಿಗೆ ಬರೀ ಕುರ್ಚಿಗಳು.

ಅವಳ ಮುಖ ಬಾಡಿತು. ಆದರೂ ಕುಣಿದಳು. ಮುಂದಿನ ಸಾಲಿನಲ್ಲಿ ಕ್ಯಾಲಮ್ ಒಬ್ಬನೇ ಕೂತು ತಾಳ ಹಾಕಿದ. ಬಾಗಿಲಲ್ಲಿ ನಿಂತ ಗಂಡನಿಗೆ ಕೈ ಏಳಲಿಲ್ಲ.

ಕುಣಿತ ಮುಗಿಸಿ ಇಳಿದುಬಂದ ಆರತಿ ಕ್ಯಾಲಮ್‌ನನ್ನು ಬಿಟ್ಟು ಗಂಡನನ್ನೇ ಕೇಳಿದಳು. “ಊಟದ್ದು ಮೊದ್ಲೇ ಅನೌನ್ಸ್ ಮಾಡ್ಬಾರ್ದು ಅಂತ ಇವ್ರಿಗೆ ನೀವು ಹೇಳಿರ್ಲಿಲ್ವಾ?”

ಸಿದ್ಧಲಿಂಗೇಶ ಪಕ್ಕದ ಕುರ್ಚಿಯನ್ನು ಸಾಲಿಗೆ ಸರಿಸತೊಡಗಿದ. ಕ್ಯಾಲಮ್ ಅವನ ಮುಖವನ್ನೊಮ್ಮೆ ನೋಡಿದ. ಕ್ಯಾಲಮ್‌ಗೆ ಎಲ್ಲ ಅರ್ಥವಾಯಿತು.

“ಸರ್ ಹೇಳಿದ್ರು. ನಾನೇ ಮರೆತೆ. ಸಾರಿ ಆರತಿ,” ಎಂದು ಎರಡೂ ಕಿವಿ ಹಿಡಿದುಕೊಂಡ.

ಆರತಿ ನಂಬಿದಳು. ಕಣ್ಣೊರೆಸಿಕೊಂಡು ನಕ್ಕೂಬಿಟ್ಟಳು. ಸಿದ್ಧಲಿಂಗೇಶನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮೊದಲು ಹೊಟ್ಟೆಕಿಚ್ಚಾಯಿತು. ತನ್ನ ಹೆಂಡತಿಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳಲು ಅವನಿಗೆ ಯಾವತ್ತೂ ಆಗಿರಲಿಲ್ಲ.