ಮಕ್ಕಳ ಕೋಣೆಯನ್ನು ಮಾರಿದವರು ಯಾರು?

ಕೂಸನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು? ದುಡಿಯುವ ತಾಯಂದಿರ ಈ ತಲೆನೋವು ಆ ಹೊಲಿಗೆ ಕಂಪನಿಯಲ್ಲಿ ಇರಲಿಲ್ಲ. ಹೊಲಿಯುವ ಹೆಂಗಸರೇ ಷೇರು ಹಾಕಿ ಕಟ್ಟಿದ ಕಂಪನಿ ಅದು. ಮಿಷನ್ನುಗಳ ಪಕ್ಕದಲ್ಲೇ ಮಕ್ಕಳ ಕೋಣೆ. ಕೂಸಿಗೆ ಹಸಿವಾದರೆ ತಾಯಿ ಎದ್ದು ಹೋಗಿ ಹಾಲೂಡಿಸಿ ಬರುತ್ತಿದ್ದಳು.

ಬಟ್ಟೆ ಸರಬರಾಜು ಮಾಡುವ ಸಾಹುಕಾರ ಒಬ್ಬೊಬ್ಬರ ಮನೆಗೂ ಹೋದ.

"ನಿಮ್ಮ ಷೇರು ನನಗೆ ಕೊಡಿ ತಾಯಿ, ಒಳ್ಳೇ ಬೆಲೆ ಕೊಡ್ತೀನಿ. ಯಾರಿಗೂ ಹೇಳ್ಬೇಡಿ, ಸುಮ್ನೆ ಹೊಟ್ಟೆ ಉರ್ಕೊಳ್ತಾರೆ."

ಒಬ್ಬಳ ಮನೆಯ ಸೂರು ಸೋರುತ್ತಿತ್ತು, ಇನ್ನೊಬ್ಬಳಿಗೆ ಮಗಳ ಫೀಸು ಕಟ್ಟಬೇಕಿತ್ತು. ಕೊಟ್ಟರು. ತಾನೊಬ್ಬಳೇ ಕೊಟ್ಟೆನೆಂಬ ನಾಚಿಕೆಗೆ ಪಕ್ಕದ ಮಿಷನ್ನಿನವಳ ಹತ್ತಿರವೂ ಬಾಯಿ ಬಿಡಲಿಲ್ಲ. ಕಾಲರ್ ಹೊಲಿಯುವವಳು ಕೊಡದೆ ಉಳಿದ ಕೆಲವರಲ್ಲಿ ಒಬ್ಬಳು.

ಕಂಪನಿಯ ಸಭೆಯಲ್ಲಿ ಸಾಹುಕಾರ ಎದ್ದು, "ಮಕ್ಕಳ ಕೋಣೆ ತೆಗೆದು ಗೋದಾಮು ಮಾಡೋಣ" ಎಂದ.

"ಅಯ್ಯೋ, ಇವರು ಬಾಣಂತನ ಮಾಡಿದ್ರೆ ಗೊತ್ತಾಗ್ತಿತ್ತು! ಬೇಡ ಅನ್ನೋರು ಕೈ ಎತ್ರೇ!" ಎಂದು ಕೂಗಿದಳು ಗುಂಡಿಯ ಕಾಜಾ ಹೊಲಿಯುವ ಅತ್ತಿಗೆ, ಕಾಲರಿನವಳ ಅಣ್ಣನ ಹೆಂಡತಿ.

ಸಭೆಯ ತುಂಬ ಕೈಗಳು. ಎಲ್ಲರ ಮುಖದಲ್ಲೂ ನಗು.

ಕಂಪನಿಯ ಲೆಕ್ಕ ಬರೆಯುವ ಅಕ್ಕ ಮಾತ್ರ ತಲೆ ಎತ್ತಲಿಲ್ಲ. "ಇಲ್ಲಿ ತಲೆ ಎಣಿಸಲ್ಲ ಕಣ್ರೇ, ಷೇರು ಎಣಿಸ್ತಾರೆ. ಅರ್ಧಕ್ಕಿಂತ ಹೆಚ್ಚು ಈಗ ಅವರದ್ದೇ."

"ಯಾರು ಮಾರಿದ್ದು?" ಕಾಲರಿನವಳು ಕೇಳಿದಳು.

ಕೈಗಳು ಒಂದೊಂದಾಗಿ ಇಳಿದವು. ಅತ್ತಿಗೆಯ ಕೈಯೂ ಇಳಿಯಿತು.

ಸಂಜೆ ಲೆಕ್ಕದ ಅಕ್ಕ ಕಾಲರಿನವಳ ಮನೆಗೆ ಬಂದಳು. ಗಂಡ ಸಿಡುಕಿದ. "ಇನ್ನೇನಿದೆ ಅಲ್ಲಿ? ನಮ್ದೂ ಮಾರಿ ಕೈ ತೊಳ್ಕೊಳ್ತೀವಿ."

"ಅವಸರ ಬೇಡಪ್ಪ. ಕಾರಣ ಇಲ್ದೆ ಹೊಲಿಯೋರನ್ನ ಕೆಲಸದಿಂದ ತೆಗೀಬಾರ್ದು ಅಂತ ನಮ್ಮ ಕಂಪನಿ ನಿಯಮದಲ್ಲಿದೆ. ಅದನ್ನ ತಿದ್ದೋಕೆ ಅರ್ಧ ಸಾಲದು, ಮುಕ್ಕಾಲು ಬೇಕು. ಉಳಿದೋರು ಒಟ್ಟಿಗೆ ಹಿಡ್ಕೊಂಡ್ರೆ ಅವರಿಗೆ ಮುಕ್ಕಾಲು ಸಿಗಲ್ಲ."

"ಹಂಗಾದ್ರೆ ಮಕ್ಕಳ ಕೋಣೆ?" ಗಂಡ ಕೇಳಿದ.

"ಬರುತ್ತೆ ಅಂತ ಸುಳ್ಳು ಹೇಳಲ್ಲ."

"ಷೇರೆಲ್ಲ ಕೈ ಬದಲಾಗಿದ್ದು ನಿನ್ನ ಕಣ್ಣೆದುರೇ ಅಲ್ವೇನಕ್ಕ? ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಕಾಲರಿನವಳು.

"ಒಬ್ಬೊಬ್ಬರ ಕಷ್ಟ, ಒಬ್ಬೊಬ್ಬರ ಗುಟ್ಟು," ಎಂದಳು ಅಕ್ಕ, "ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ."

ಸಾಹುಕಾರ ಮತ್ತೆ ಬಂದಾಗ ಗಂಡನೇ ಬಾಗಿಲಲ್ಲಿ ನಿಂತ. "ಇಲ್ಲ ಸ್ವಾಮಿ, ಕೊಡಲ್ಲ. ನೀವು ಬಂದಿದ್ರಿ ಅಂತ ಉಳಿದೋರಿಗೂ ಹೇಳ್ತೀನಿ." ಉಳಿದವರೂ ಮಾರಲಿಲ್ಲ, ಕೆಲಸದ ನಿಯಮವೇನೋ ಉಳಿಯಿತು. ಆದರೆ ತೊಟ್ಟಿಲುಗಳು ಹೊರಬಿದ್ದು, ಆ ಜಾಗದಲ್ಲಿ ಬಟ್ಟೆಯ ಉರುಳೆಗಳು ಬಂದು ಕುಳಿತಿದ್ದವು.

ಓದುಗರೇ, ನಿಮ್ಮ ದುಡಿಮೆಯ ಜಾಗದಲ್ಲಿ ನಿಮಗೆ ಷೇರಿದ್ದರೆ ಅದು ಹಣ ಮಾತ್ರವಲ್ಲ, ನಿಮ್ಮ ಮತವೂ ಹೌದು. ಮಾರುವ ಮುಂಚೆ ಕೊಳ್ಳುವವನು ಇನ್ನೂ ಯಾರ ಯಾರ ಮನೆಗೆ ಹೋಗಿದ್ದಾನೆಂದು ವಿಚಾರಿಸಿ. ಸಭೆಗೆ ತಪ್ಪದೆ ಹೋಗಿ, ನಿಯಮ ಓದಿಸಿಕೊಳ್ಳಿ. ಕಷ್ಟ ಬಂದಿದ್ದರೆ ನಾಚಿಕೆ ಬಿಟ್ಟು ಜೊತೆಯವರಿಗೆ ಹೇಳಿ. ಸೂರು ಸೋರುತ್ತಿದೆ ಎಂದು ಒಬ್ಬಳಾದರೂ ಬಾಯಿಬಿಟ್ಟು ಹೇಳಿದ್ದರೆ ಉಳಿದವರು ಏನಾದರೊಂದು ದಾರಿ ಹುಡುಕುತ್ತಿದ್ದರು.