ಜಟ್ಟಿಂಗಪ್ಪನ ಮೊಣಕಾಲು

ಆಶ್ರಮದ ಆಯಾ ದುಗ್ಗಮ್ಮ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೆಣದ ಮೊಣಕಾಲಿಗೆ ಮೂರನೆಯ ಸಲ ಸುತ್ತಿ ಎಳೆದಳು. ಜಪ್ಪಯ್ಯ ಅಂದರೂ ಕಾಲು ಅಲುಗಲಿಲ್ಲ. ಸಾಗರದ ಆ ವೃದ್ಧಾಶ್ರಮದ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಅದರ ಮೇಲೆ ನೆಟ್ಟಗೆ ಮಲಗಬೇಕಾದ ಜಟ್ಟಿಂಗಪ್ಪ ಮಾತ್ರ ಮೊಣಕಾಲನ್ನು ಎದೆಗೆ ಮಡಚಿಕೊಂಡು ಸತ್ತಿದ್ದ.

"ಆಗೋದಿಲ್ಲ ದುಗ್ಗಮ್ಮಕ್ಕ," ಅಂದ ಜಯಪ್ಪ. ಅವನು ಸತ್ತವನ ತಂಗಿಯ ಮಗ, ಹೊಸನಗರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ. "ಒನಕೆ ಇಟ್ಟು ಒತ್ತಿಬಿಡಾಣ. ಸತ್ತೋರಿಗೆ ನೋವಾಗ್ತದಾ?"

"ಮುರೀತದೆ."

"ಮುರೀಲಿ. ಕೂರ್ಸಿ ಹೂಳೋದು ಲಿಂಗವಂತರಲ್ಲಿ. ನಮ್ಮಲ್ಲಿ ಕಾಲು ಚಾಚಿ ಮಲಗ್ಸಿ ಸುಡೋದು. ಹಿಂಗೇ ಕಳ್ಸಿದ್ರೆ ಊರೋರು ನಂಗೆ ಉಗೀತಾರೆ."

ಮ್ಯಾನೇಜರ್ ಮುಕುಂದಯ್ಯ ಹಾರ ಹಿಡಿದು ಬಂದರು. "ನಮ್ಮಲ್ಲಿದ್ದಷ್ಟು ದಿನ ನಿಮ್ಮ ಮಾವ ಒಂದ್ಸಲಾನೂ ಬೀಳದ ಹಾಗೆ ನೋಡ್ಕೊಂಡಿದೀವಿ, ಜಯಪ್ಪ."

ಅದು ಸುಳ್ಳಲ್ಲ. ಅದಕ್ಕೇ ದುಗ್ಗಮ್ಮನ ಮೈ ಉರಿಯಿತು.

*

ಜೋಗದಲ್ಲಿ ಲೈಟುಕಂಬ ಹತ್ತುತ್ತಿದ್ದ ಆಳು ಜಟ್ಟಿಂಗಪ್ಪ. ಲಕ್ವ ಹೊಡೆದು, ಅರವತ್ತೈದರಲ್ಲಿ ಆಶ್ರಮ ಸೇರಿದ. ದುಗ್ಗಮ್ಮ ದಿನಾ ಬೆಳಿಗ್ಗೆ ಎಣ್ಣೆ ನೀವಿ, ಕಾಲನ್ನು ಮಡಚಿ ಬಿಡಿಸಿ, ಜಗಲಿಯ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗ ಹಿಡಿಸಿ ನಡೆಸುತ್ತಿದ್ದಳು.

"ನಾಕು ಕಂಬ ದಾಟಿದೆ ಕಣೇ. ಇನ್ನು ಶರಾವತಿ ದಾಟೋದೊಂದು ಬಾಕಿ," ಅಂತ ನಗುತ್ತಿದ್ದ.

ಒಂದು ದಿನ ಬೇರೊಬ್ಬ ಮುದುಕ ಜಾರಿಬಿದ್ದು ಸೊಂಟ ಮುರಿದುಕೊಂಡ. ಮುಕುಂದಯ್ಯ ಹಗ್ಗ ಬಿಚ್ಚಿಸಿದರು. "ಇನ್ಮೇಲೆ ಯಾರೂ ಹಾಸಿಗೆ ಬಿಟ್ಟು ಇಳೀಬಾರ್ದು. ಬಿದ್ರೆ ನನ್ನ ಕುತ್ತಿಗೆಗೆ ಬರ್ತದೆ. ಎಬ್ಬಿಸಿದ್ಯೋ, ನಿನ್ನ ಕೆಲ್ಸ ಹೋಯ್ತು ಅಂತ ತಿಳ್ಕೊ."

"ಎಬ್ಸೇ ದುಗ್ಗಿ, ಎರಡೇ ಹೆಜ್ಜೆ," ಅಂತ ಜಟ್ಟಿಂಗಪ್ಪ ಹತ್ತು ದಿನ ಕೇಳಿದ. ಅವಳು ಹತ್ತು ದಿನವೂ "ನಾಳೆ" ಅಂದಳು. ಆಮೇಲೆ ಅವನು ಕೇಳಲಿಲ್ಲ. ಹಾಸಿಗೆಯಲ್ಲೇ ಕಾಲು ಆಡಿಸಬಹುದಿತ್ತು; ಅದನ್ನು ಯಾರೂ ಬೇಡ ಅಂದಿರಲಿಲ್ಲ. ಅವನ ಮುಖ ನೋಡಲಾರದೆ ಅವಳು ಅದನ್ನೂ ಬಿಟ್ಟಳು. ಎಂಟು ತಿಂಗಳಲ್ಲಿ ಮೊಣಕಾಲು ಮಡಚಿದ ಹಾಗೇ ಬಿಗಿದುಹೋಯಿತು.

*

ಜಯಪ್ಪ ಅಡಿಗೆಮನೆಯಿಂದ ಒನಕೆ ತಂದ. ದುಗ್ಗಮ್ಮ ಅಡ್ಡ ನಿಂತಳು.

"ಮುಟ್ಟು ನೋಡಾಣ! ಮಗ್ಗುಲಾಗಿ ಮಲಗ್ಸು. ಊರೋರು ಕೇಳಿದ್ರೆ, ಆಶ್ರಮದೋರು ಹಿಂಗೆ ಮಾಡಿ ಕೊಟ್ರು ಅನ್ನು. ದುಗ್ಗಿ ಮಾಡಿದ್ಲು ಅನ್ನು."

ಮುಕುಂದಯ್ಯ ಕೆಮ್ಮಿ, ಹಾರವನ್ನು ಹೆಣದ ಪಕ್ಕ ಇಟ್ಟು ಒಳಗೆ ನಡೆದರು. ಜಯಪ್ಪ ಒನಕೆಯನ್ನು ಗೋಡೆಗೆ ಒರಗಿಸಿದ. ಹೆಣ ಮಗ್ಗುಲಾಗಿಯೇ ಹೋಯಿತು.

ದುಗ್ಗಮ್ಮ ಮಿಂದು, ಒದ್ದೆ ಕೂದಲಲ್ಲೇ ಹೆಂಗಸರ ಕೋಣೆಗೆ ಬಂದಳು. ಅಲ್ಲಿದ್ದ ಮುದುಕಿ ಕನ್ನಮ್ಮನಿಗೆ ಇನ್ನೂ ಕಾಲು ಚಾಚಲು ಬರುತ್ತಿತ್ತು. ಕೆಲಸ ಹೋದರೆ ಹೋಗಲಿ ಅಂತ ದುಗ್ಗಮ್ಮ ಅವಳ ಕಂಬಳಿ ಸರಿಸಿದಳು.

"ಏಳಜ್ಜಿ, ಜಗಲಿಗೆ ಹೋಗಾಣ. ನಾನು ಹಿಡ್ಕೊತೀನಿ."

ಕನ್ನಮ್ಮ ಬಾಗಿಲ ಕಡೆ ನೋಡಿದಳು. "ಬ್ಯಾಡ ಮಾರಾಯ್ತಿ, ಸಾಹೇಬ್ರು ಬೈತಾರೆ," ಅಂದವಳೇ ಎರಡೂ ಮೊಣಕಾಲನ್ನು ಎದೆಯವರೆಗೆ ಎಳೆದುಕೊಂಡು, ಕೈಯಲ್ಲಿ ಬಿಗಿಯಾಗಿ ತಬ್ಬಿ ಹಿಡಿದಳು.